ನಾಲೆ ಬತ್ತಿದ ಸಿಟ್ಟು ಇಡ್ಲಿ ಅಕ್ಕನ ಮ್ಯಾಲ್ಯಾಕೆ?

ಅಕ್ಕಂದಿರೇ, ಓರಗಿತ್ತೀರೇ, ಪಕ್ಕದ್ಮನೆ ಅವ್ವಂದಿರೇ, ಈ ಸಲ ಸಾರು, ಉಪ್ಪಿನಕಾಯಿ ಮಾತಲ್ಲ. ಬೈಬೇಕು ಅಂತ್ಲೇ ಕೂತಿದೀನಿ. ಮೊದ್ಲು ನನ್ನನ್ನೇ ಬೈಕೊಳ್ತೀನಿ, ಆಮೇಲೆ ನಿಮ್ಮನ್ನ.

2023ರ ಸೆಪ್ಟೆಂಬರ್ 23, ಮಂಡ್ಯ ಬಂದ್. ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಿರ್ಲಿಲ್ಲ, ಆದ್ರೂ ತಮಿಳುನಾಡಿಗೆ ನೀರು ಬಿಡಿ ಅಂತ ಆರ್ಡರ್. ನಾನೂ ವಿಶ್ವೇಶ್ವರಯ್ಯನವರ ಪ್ರತಿಮೆ ಎದ್ರು ಕೂತು, ಗಂಟ್ಲು ಕಟ್ಟೋವರ್ಗೂ ಕೂಗಿ ಬಂದೆ. ಅದ್ರಲ್ಲಿ ನಂಗೇನೂ ನಾಚ್ಕೆ ಇಲ್ಲ. ನಾಚ್ಕೆ ಆಗಿದ್ದು ಮನೇಗೆ ಬಂದ ಮ್ಯಾಲೆ. ಮುದ್ದೆ ಮುರೀತಾ ಕೂತಿದ್ದ ನನ್ ಮಗ, ಹೈಸ್ಕೂಲು ಹುಡ್ಗ, "ಆ ಕೊಂಗ್ರ ಇಡ್ಲಿ ಅಂಗ್ಡಿಗೆ ನಾಕು ಕಲ್ಲು ಬಿದ್ರೆ ಬುದ್ಧಿ ಬತ್ತದೆ" ಅಂದ.

ಯಾರವ್ವ ಆ ಕೊಂಗ್ರು? ಅವಳ ತಾತ ಸಕ್ಕರೆ ಕಾರ್ಖಾನೆ ಕೂಲಿಗೆ ಬಂದೋರು. ಆ ಕಾರ್ಖಾನೆ ಸುರುವಾಗಿದ್ದು 1933ರಲ್ಲಿ. ಅವಳು ಹುಟ್ಟಿದ್ದು ಮಂಡ್ಯದಲ್ಲೇ. ಅವಳ ಮನೆ ನಲ್ಲೀಲಿ ಬರೋದೂ ಇದೇ ಕಾವೇರಿ. ನೀರು ನಿಂತ್ರೆ ನಮ್ ಕೊಡದ ಪಕ್ಕ ಅವಳ ಕೊಡವೂ ಖಾಲಿ.

ಆ ಮಾತು ಮಗ ಎಲ್ಲಿ ಕಲ್ತ? ನನ್ನ ಅಡ್ಗೆಮನೇಲೇ ಕಣ್ರವ್ವ. "ಕೊಂಗ್ರು ಹಂಗೇ" ಅಂತ ನಾನು, ನಮ್ಮತ್ತೆ, ನಾದ್ನಿ ನಗ್ತಾ ಆಡಿದ ಮಾತೇ. ನಮಗೆ ತಮಾಸೆ, ಅವನಿಗೆ ಪಾಠ. ಕಲ್ಲು ಬೀದೀಲಿ ಸಿಕ್ತದೆ, ಎಲ್ಲಿಗೆ ಎಸೀಬೇಕು ಅನ್ನೋದನ್ನ ಮನೇಲಿ ಹೇಳ್ಕೊಟ್ಟಿರ್ತೀವಿ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ ಹಿರೀಕ್ರು ಅಂದವ್ರೆ. 1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡೋಲಾರ್ಡ್ ಮತ್ತೆ ಅವರ ಜೊತೆಗಾರರು ಪುಸ್ತಕ ಬರೆದು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಬೇಕಾದ್ದು ಕೈತಪ್ಪಿದಾಗ ಸಿಟ್ಟು ಬತ್ತದೆ, ತಪ್ಪಿಸಿದೋರು ಎಟುಕದಿದ್ರೆ ಸಿಟ್ಟು ಕೈಗೆ ಸಿಕ್ಕಿದ ಬಡವರ ಮ್ಯಾಲೆ ತಿರುಗ್ತದೆ. ಮಳೆ ಎಟುಕಲ್ಲ, ದಿಲ್ಲಿ ಕೋರ್ಟು ಎಟುಕಲ್ಲ. ಇಡ್ಲಿ ಅಂಗ್ಡಿ ಮೂರು ಹೆಜ್ಜೆ.

ಆಗಿರೋದೂ ಅದೇ. 1991ರ ಡಿಸೆಂಬರ್‌ನಲ್ಲಿ ಮಧ್ಯಂತರ ತೀರ್ಪು ಗೆಜೆಟ್‌ಗೆ ಬಂದ ಮಾರನೇ ದಿನವೇ ಬೆಂಗ್ಳೂರು ಹತ್ಕೊಂಡು ಉರೀತು, ಸಾವಿರಾರು ತಮಿಳ್ರು ಮನೆ ಬಿಟ್ಟು ಓಡಿದ್ರು. ಅವರಲ್ಲಿ ಎಷ್ಟೋ ಜನ ಕೂಲಿಯೋರು. 2016ರ ಸೆಪ್ಟೆಂಬರ್ 12ಕ್ಕೆ ಬೆಂಗ್ಳೂರಲ್ಲಿ ಹತ್ತಾರು ಬಸ್ಸು ಸುಟ್ರು. ಅದೇ ಹೊತ್ತಲ್ಲಿ ಆ ಕಡೆ ರಾಮೇಶ್ವರದಲ್ಲಿ ನಮ್ಮ ಡ್ರೈವರ್‌ನ ಹೊಡೆದ್ರು. ಅವ್ನೇನು ಗೇಟು ಮುಚ್ಚಿದ್ನಾ?

"ಹಂಗಾರೆ ನೀರು ಕೇಳ್ಬಾರ್ದಾ?" ಅಂತ ನಮ್ಮತ್ತಿಗೆ ಕೇಳ್ತಾಳೆ. ಕೇಳ್ಬೇಕು ಅತ್ತಿಗೆ, ಜೋರಾಗೇ ಕೇಳ್ಬೇಕು. ಆದ್ರೆ ಲೆಕ್ಕ ನೋಡು. 2018ರ ಫೆಬ್ರವರೀಲಿ ಸುಪ್ರೀಂ ಕೋರ್ಟು ನಮಗೆ 14.75 ಟಿ.ಎಂ.ಸಿ. ಹೆಚ್ಗೆ ಕೊಡ್ತು. ಅದು ಬಂದಿದ್ದು ವಾದದಿಂದ. ಕಲ್ಲು ತೂರಿದ್ದಕ್ಕೆ ಒಂದು ಚೊಂಬು ನೀರಾದ್ರೂ ಬಂತಾ?

ಇನ್ನೊಂದು ಕತೆ ಕೇಳಿ. 1954ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮುಜಾಫರ್ ಶೆರಿಫ್ ಅನ್ನೋರು 22 ಹುಡುಗ್ರನ್ನ ಶಿಬಿರಕ್ಕೆ ಕರ್ಕೊಂಡೋಗಿ ಎರಡು ಗುಂಪು ಮಾಡಿದ್ರು. ಬಹುಮಾನ ಇಟ್ಟು ಪಂದ್ಯ ಆಡಿಸ್ತಿದ್ದಂಗೇ ಬೈಗುಳ, ಬಾವುಟ ಸುಡೋದು ಎಲ್ಲಾ ಸುರುವಾಯ್ತು. ಜೊತೇಲಿ ಊಟಕ್ಕೆ ಕೂರಿಸಿದ್ರೆ ತಟ್ಟೇಲಿದ್ದದ್ದನ್ನೇ ಎಸೆದಾಡಿದ್ರು. ಆಮೇಲೆ ಶಿಬಿರದ ನೀರು ನಿಲ್ಲಂಗೆ ಮಾಡಿದ್ರು. ಎರಡೂ ಗುಂಪು ಸೇರಿ ಟ್ಯಾಂಕಿನ ತಾವ ಹೋಗಿ ಹುಡುಕ್ಬೇಕಾಯ್ತು. ಹಿಂಗೇ ನಾಕಾರು ಕೆಲ್ಸಕ್ಕೆ ಹೆಗಲು ಕೊಟ್ಟ ಮ್ಯಾಲೆ ಜಗಳ ತಣ್ಣಗಾಯ್ತು. ನೋಡ್ರವ್ವ, ಅಲ್ಲೂ ನೀರೇ!

ನಮ್ಮಲ್ಲೂ ಅಂಥೋರವ್ರೆ. 2003ರಲ್ಲಿ ಎರಡೂ ರಾಜ್ಯದ ರೈತರು "ಕಾವೇರಿ ಕುಟುಂಬ" ಅಂತ ಮಾಡ್ಕೊಂಡು ಒಬ್ಬರ ಗದ್ದೆ ಒಬ್ರು ಹೋಗಿ ನೋಡಿದ್ರು. ಜಗಳ ಮುಗೀಲಿಲ್ಲ, ನಿಜ. ಆದ್ರೆ ಅಲ್ಲೂ ಸಾಲ, ಅಲ್ಲೂ ಒಣಗಿದ ಪೈರು ಅಂತ ಕಣ್ಣಾರೆ ಕಂಡ್ರು.

ಕೊನೇಗೊಂದು. ವಿ.ಸಿ. ಫಾರಂನೋರು 0517 ಕಬ್ಬು ಕೊಡೋಕೆ ಎಷ್ಟೋ ಮುಂಚಿಂದ ನಮ್ ಗದ್ದೇಲಿ ಬೆಳೆದಿದ್ದು ಸಿ.ಓ. 62175. ಆ "ಸಿ.ಓ." ಅಂದ್ರೆ ಕೊಯಮತ್ತೂರು. ನಾವು ಮಂಡ್ಯ ಬೆಲ್ಲ ಅಂತ ಮೀಸೆ ತಿರುವೋ ಬೆಲ್ಲದ ಕಬ್ಬು ಹುಟ್ಟಿದ್ದು ತಮಿಳುನಾಡಲ್ಲಿ. ಅದನ್ಯಾರೂ ಕಿತ್ತೆಸೀಲಿಲ್ಲ.

ಹಂಗಾಗಿ ನಾನೊಂದು ಮಾಡಿದೀನಿ. ಆ ಮಾತು ನಮ್ಮನೇಲಿ ಬಂದ್. ನಮ್ಮತ್ತೆ ಅಂದ್ರೂ, ನಾನಂದ್ರೂ, ತಿದ್ದೋ ಹಕ್ಕು ಮಗನಿಗೇ ಕೊಟ್ಟಿದೀನಿ. ಮುಂದಿನ ಬಂದ್ ಬಂದೇ ಬತ್ತದೆ. ಅವತ್ತು ನೀವೂ ಬನ್ನಿ, ಪ್ರತಿಮೆ ಎದ್ರು ಕೂರನ. ಹೊರಡೋಕ್ಮುಂಚೆ ಇಡ್ಲಿ ಅಕ್ಕನ್ನೂ ಕೂಗಿ. ನೀರು ಅವಳಿಗೂ ಬೇಕಲ್ವಾ?