ದಪ್ಪ ಅಚ್ಚು ಬೇಡವೆಂದ ಉಸ್ತಾದ್

ಕಳೆದ ವರ್ಷ ಆಷಾಢ ಏಕಾದಶಿಯ ಮರುದಿನ ಸಂಜೆ, ಸಿಲ್ಲೋಡ್ ತಾಲ್ಲೂಕಿನ ಒಂದು ಹೊಲದ ದಾರಿಯಲ್ಲಿ ನನ್ನ ಪಿಕಪ್‌ನ ಹಿಂದಿನ ಎಡ ಚಕ್ರ ಡ್ರಮ್ ಸಮೇತ ಹೊರಕ್ಕೆ ವಾಲಿ ಕಳಚಿಕೊಂಡಿತು. ಗಾಡಿ ನಡೆದುಹೋಗುವವರ ವೇಗದಲ್ಲಿತ್ತು, ಕೆಳಗೆ ಗೇಣುದ್ದ ಕೆಸರು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಬಾಡಿಯಲ್ಲಿ ಹಸಿಮೆಣಸಿನಕಾಯಿ ಚೀಲಗಳು, ಚೀಲಗಳ ಮೇಲೆ ದಿನವಿಡೀ ಕಾಯಿ ಬಿಡಿಸಿ ಮನೆಗೆ ಹೊರಟಿದ್ದ ಒಂಬತ್ತು ಜನ ಹೆಣ್ಣುಮಕ್ಕಳು. ಅವರಲ್ಲೊಬ್ಬಾಕೆ ಕೆಳಗಿಳಿದವಳೇ ಚಕ್ರ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಿನ ದಿನವಷ್ಟೇ ಅದೇ ಗಾಡಿಯಲ್ಲಿ ಅಜಂತಾ ಘಾಟ್ ಇಳಿದಿದ್ದೆ.

ನಾನು ನವಲಗುಂದ ಕಡೆಯವನು. ಬೀಜ ಕಂಪನಿಯೊಂದರ ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷ. ಕವಿರಾಜಮಾರ್ಗ ಹೇಳಿದ ಗೋದಾವರಿಯ ಗಡಿಯನ್ನೂ ದಾಟಿ ಇನ್ನಷ್ಟು ಉತ್ತರಕ್ಕೆ ಬಂದೆನಲ್ಲ ಎಂದು ಮೊದಲು ಅನ್ನಿಸುತ್ತಿತ್ತು. ಆದರೆ ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತುವ ಮಣ್ಣು ಅದೇ, ನಮ್ಮೂರಿನ ಎರಿ ಮಣ್ಣು. ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಂಪಗೆ ಒಣಗಿ ಮಾರುಕಟ್ಟೆಗೆ ಬರುತ್ತದೆ. ಸಿಲ್ಲೋಡ್‌ನಲ್ಲಿ ಹಸಿರಾಗಿಯೇ ಹೋಗುತ್ತದೆ. ಬೇಸಿಗೆಯಲ್ಲಿ ಮಲ್ಚಿಂಗ್ ಹಾಳೆ, ಡ್ರಿಪ್ ಹಾಕಿ ನಾಟಿ ಮಾಡಿದ ಬೆಳೆ ಮಳೆ ಶುರುವಾಗುವಾಗಲೇ ಕೈಗೆ ಬರುತ್ತದೆ. ಮಳೆ ನಿಂತು ನೆಲ ಹದಕ್ಕೆ ಬರುವುದಕ್ಕೆ ಇಲ್ಲಿಯವರು ‘ವಾಫಸಾ’ ಎನ್ನುತ್ತಾರೆ. ಬಿತ್ತನೆಯಾದರೆ ಅದಕ್ಕೆ ಕಾಯಬಹುದು. ಹಸಿಮೆಣಸಿನಕಾಯಿ ಕಾಯುವುದಿಲ್ಲ, ಸಂಜೆಯ ಹರಾಜೂ ಕಾಯುವುದಿಲ್ಲ. ನಗರದಲ್ಲಿರುವ ನಮ್ಮವರಿಗೆ ‘ಆಫ್‌ರೋಡ್’ ಎಂದರೆ ಸಕಲೇಶಪುರದ ವಾರಾಂತ್ಯ. ಇಲ್ಲಿ ಅದು ಪಾಣಂದ, ಅಂದರೆ ಎರಡು ಬದುಗಳ ನಡುವಿನ ಹೊಲದ ದಾರಿ.

ಪಿಕಪ್ ನನ್ನದೇ. ಹಳೆಯದು, ಫೋರ್ ವೀಲ್ ಡ್ರೈವ್, ಎರಡನೇ ಕೈಯಲ್ಲಿ ಕೊಂಡದ್ದು. ಮೊದಲ ಮಾಲೀಕ ಅಗಲ ಟೈರು, ಹೊರಕ್ಕೆ ಚಾಚಿದ ರಿಮ್ಮು ಹಾಕಿಸಿದ್ದ. ನೋಡಲು ಗತ್ತು. ನಾನು ಕೊಂಡದ್ದೂ ಆ ಗತ್ತಿಗೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ರಾತ್ರಿ ಪುಣೆಯಲ್ಲಿರುವ ಹುಬ್ಬಳ್ಳಿಯ ಗೆಳೆಯನಿಗೆ ಫೋಟೊ ಕಳಿಸಿದೆ. ಆತ ರಜೆಯ ದಿನಗಳಲ್ಲಿ ಜೀಪು ಹತ್ತಿ ಬೆಟ್ಟ ಸುತ್ತುವವನು. ಐದು ನಿಮಿಷದಲ್ಲಿ ಉತ್ತರ ಬಂತು: ‘ದೊಡ್ಡ ಗಾಡಿಯ ಅಚ್ಚು ಹಾಕಿಸಿಬಿಡು, ಡಿಫ್ ಲಾಕ್ ಹಾಕಿಸು, 33 ಇಂಚಿನ ಟೈರು ಹಾಕು. ಇನ್ನ ಜೀವಮಾನದಾಗ ಮುರಿಯಂಗಿಲ್ಲ ನೋಡು.’ ನನಗೂ ಅದೇ ಸರಿ ಅನ್ನಿಸಿತು. ಮುರಿದದ್ದಕ್ಕೆ ಮದ್ದು ದಪ್ಪದ್ದು, ಅಷ್ಟೇ ತಾನೆ?

ಸಿಲ್ಲೋಡ್‌ನ ಉಸ್ತಾದ್ ಹಾಗೆ ಅನ್ನಲಿಲ್ಲ. ಅವರ ದಖ್ಖನಿ ಮಾತು ನಮ್ಮ ಹುಬ್ಬಳ್ಳಿ ಗ್ಯಾರೇಜುಗಳದ್ದೇ. ಭಾಷೆಯ ತೊಡಕಿಲ್ಲ. ಮುರಿದ ತುಂಡನ್ನು ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿದು ತೋರಿಸಿದರು. ಮುರಿದ ಮುಖದ ಅಂಚಿನಿಂದ ಒಳಕ್ಕೆ ಸುಮಾರು ಮುಕ್ಕಾಲು ಭಾಗ ಕಪ್ಪಾಗಿ, ಸವೆದು ನುಣುಪಾಗಿತ್ತು. ಉಳಿದ ಸ್ವಲ್ಪ ಭಾಗ ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಹೊಳೆಯುವುದು ಅಂದು ಮುರಿದದ್ದು, ಕಪ್ಪಗಿರುವುದು ತಿಂಗಳುಗಟ್ಟಲೆ ಬಿರುಕು ಬಿಟ್ಟದ್ದು. ಅಂದರೆ ಘಾಟ್ ಇಳಿಯುವಾಗ ಆ ಕಡೆಯ ಚಕ್ರ ಕಾಲುಭಾಗ ಕಬ್ಬಿಣದ ಮೇಲೆ ನಿಂತಿತ್ತು. ‘ಮೋಟಾ ನಕ್ಕೋ ಸಾಬ್, ಬರಾಬರ್ ಹೋನಾ’ ಎಂದರು. ದಪ್ಪ ಬೇಡ, ಸರಿಯಾದದ್ದು ಬೇಕು.

ಅಚ್ಚು ಅಂದಾಗ ನನಗೆ ನೆನಪಾಗುವುದು ಅಪ್ಪನ ಚಕ್ಕಡಿ. ಅಲ್ಲಿ ಅಚ್ಚು ತಿರುಗುವುದಿಲ್ಲ. ಭಾರ ಹೊತ್ತು ಸುಮ್ಮನಿರುತ್ತದೆ, ಚಕ್ರ ಅದರ ಮೇಲೆ ಸುತ್ತುತ್ತದೆ, ಕಡೆಗೀಲು ಚಕ್ರವನ್ನು ತಡೆದಿರುತ್ತದೆ. ಎಳೆಯುವ ಕೆಲಸ ಎತ್ತುಗಳದ್ದು. ಮೋಟಾರು ಗಾಡಿಯಲ್ಲಿ ಎಳೆಯುವ ಬಲವೂ ಚಕ್ರಕ್ಕೇ ಹೋಗಬೇಕು. ಅದಕ್ಕೆ ಎರಡು ದಾರಿ. ಸೆಮಿ ಫ್ಲೋಟಿಂಗ್ ಎಂಬ ಬಗೆಯಲ್ಲಿ ಒಂದೇ ಶಾಫ್ಟು ಚಕ್ರವನ್ನು ತಿರುಗಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು. ಬೇರಿಂಗ್‌ನ ಹೊರಗೆ ಅದು ತುಂಡಾದರೆ ಚಕ್ರವೇ ಹೋಗುತ್ತದೆ. ನನ್ನದು ಇದು. ಫುಲ್ ಫ್ಲೋಟಿಂಗ್‌ನಲ್ಲಿ ಚಕ್ರದ ಹಬ್ಬು ಹೊರಗಿನ ಕೊಳವೆಯ ಮೇಲೆ ತನ್ನದೇ ಬೇರಿಂಗ್‌ಗಳಲ್ಲಿ ಕೂತಿರುತ್ತದೆ. ಅಂದರೆ ಕೊಳವೆ ಅಪ್ಪನ ಚಕ್ಕಡಿಯ ಅಚ್ಚು, ಒಳಗಿನ ಶಾಫ್ಟು ಎತ್ತು. ಶಾಫ್ಟು ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಕಳಚುವುದಿಲ್ಲ. ಲಾರಿಗಳಲ್ಲಿ ಇರುವುದು ಇದೇ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಹಿಂದಿನ ಅಚ್ಚೂ ಇದೇ ಬಗೆಯದು. ಯುದ್ಧ ಮುಗಿದ ಮೇಲೆ ಸಾರ್ವಜನಿಕರಿಗೆಂದು ಬಂದ ಸಿಜೆ ಜೀಪಿನಲ್ಲಿ ಬೇಗನೇ ಅದು ಸೆಮಿ ಫ್ಲೋಟಿಂಗ್ ಆಯಿತು.

ಹಾಗಿದ್ದರೆ ಗೆಳೆಯ ಹೇಳಿದ್ದರಲ್ಲಿ ತಪ್ಪೇನು? ಉಸ್ತಾದ್ ಒಂದೊಂದಾಗಿ ಬಿಡಿಸಿದರು. ಟೈರು ದೊಡ್ಡದಾದಷ್ಟೂ ಸನ್ನೆಗೋಲು ಉದ್ದವಾದಂತೆ, ಅದೇ ಕೆಸರಿನಿಂದ ಗಾಡಿ ಎಬ್ಬಿಸಲು ಶಾಫ್ಟು ಹೆಚ್ಚು ತಿರುಚಿಕೊಳ್ಳಬೇಕು. ಹೊರಚಾಚಿದ ರಿಮ್ಮು ಭಾರವನ್ನು ಬೇರಿಂಗ್‌ನಿಂದ ದೂರ ಒಯ್ದು ಶಾಫ್ಟನ್ನು ಪ್ರತಿ ಸುತ್ತಿಗೂ ಬಗ್ಗಿಸುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ನನ್ನ ಶಾಫ್ಟನ್ನು ಕೊಂದದ್ದು ಅದು, ಮೇಲಿನ ಭಾರವೂ ಸೇರಿ. ಡಿಫ್ ಲಾಕ್ ಇಲ್ಲದಿದ್ದರೆ ಎಂಜಿನ್‌ನ ಬಲ ಎರಡು ಶಾಫ್ಟಿಗೂ ಸಮಪಾಲು. ಲಾಕ್ ಹಾಕಿ ಒಂದೇ ಚಕ್ರಕ್ಕೆ ಹಿಡಿತ ಸಿಕ್ಕರೆ ಅಷ್ಟೂ ಬಲ ಆ ಒಂದೇ ಶಾಫ್ಟಿನ ಮೇಲೆ. ಬಂಡೆಗಲ್ಲಿನ ಮೇಲೆ ಲಾಕ್ ಬಹಳ ಉಪಯೋಗ, ಗೆಳೆಯನ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಎರಿ ಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು ಚಕ್ರವೆಲ್ಲ ನುಣ್ಣಗಾದ ಮೇಲೆ ಎರಡೂ ಒಟ್ಟಿಗೆ ಜಾರುತ್ತವೆ, ಗುಂಡಿ ಎರಡಾಗುತ್ತದೆ. ಭಾರದ ಅಚ್ಚು ಹಾಕಿದ ಗಾಡಿ ಇನ್ನಷ್ಟು ಹೂಳುತ್ತದೆ.

ಇನ್ನೊಂದು ಮಾತು ನನಗೆ ಹೊಸದು. ಎಲ್ಲಕ್ಕಿಂತ ಬಲವಾದ ಅಚ್ಚು ಹಾಕಿದರೆ ಮುರಿಯುವುದು ನಿಲ್ಲುವುದಿಲ್ಲ, ಮುರಿಯುವ ಜಾಗ ಬದಲಾಗುತ್ತದೆ: ಪ್ರಾಪೆಲ್ಲರ್ ಶಾಫ್ಟಿನ ಜಾಯಿಂಟು, ಕ್ರೌನ್-ಪಿನಿಯನ್, ಕೊನೆಗೆ ಗೇರ್‌ಬಾಕ್ಸು. ಮನೆಯ ಫ್ಯೂಸ್‌ಗೆ ದಪ್ಪ ತಂತಿ ಕಟ್ಟಿದಂತೆ. ಹೊಲದಲ್ಲಿ ಬಿಚ್ಚಿ ಹಾಕಬಹುದಾದ್ದು, ಕಡಿಮೆ ಬೆಲೆಯದು ಯಾವುದೋ ಅದೇ ಮೊದಲು ಮುರಿಯಬೇಕು, ಆದರೆ ಮುರಿದಾಗ ಚಕ್ರವನ್ನು ಕರೆದುಕೊಂಡು ಹೋಗಬಾರದು. ಈ ಲೆಕ್ಕದಲ್ಲಿ ನನಗೆ ಬೇಕಾದ್ದು ಫುಲ್ ಫ್ಲೋಟಿಂಗ್ ಅಚ್ಚು, ಸಾಧಾರಣ ಶಾಫ್ಟು.

ಅಂಥದೊಂದು ನಾಸಿಕ್‌ನ ಗುಜರಿಯಲ್ಲಿದೆ ಎಂದು ಸುದ್ದಿ ಬಂತು. ಇಲ್ಲಿಂದ ಸಂಭಾಜಿನಗರ, ಅಲ್ಲಿಂದ ನಾಸಿಕ್. ಹೋಗುವುದಕ್ಕೇ ಅರ್ಧ ದಿನ ಬೇಕು. ಹೊರಡುವ ಮೊದಲು ಉಸ್ತಾದ್ ನನ್ನ ಗಾಡಿಯ ಮುಂದಿನ ಅಚ್ಚನ್ನು ಅಳೆದು ಕೊಟ್ಟರು. ಒಂದು ಚಕ್ರ ನೆಲದಲ್ಲಿ ಬಿಗಿಯಾಗಿ ನಿಂತಿರಬೇಕು, ಇನ್ನೊಂದನ್ನು ಎತ್ತಿ ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಪ್ರಾಪೆಲ್ಲರ್ ಶಾಫ್ಟಿಗೆ ಹಾಕಿದ ಸೀಮೆಸುಣ್ಣದ ಗುರುತು ಎಷ್ಟು ಸಲ ಬಂತೆಂದು ಎಣಿಸಿ ಹತ್ತರಿಂದ ಭಾಗಿಸಿದರೆ ಗೇರ್ ಅನುಪಾತ ಸಿಗುತ್ತದೆ. ನನ್ನದು 41 ಸಲ ಬಂತು, ಅಂದರೆ 4.1.

ನಾಸಿಕ್‌ನ ವ್ಯಾಪಾರಿ ‘ಸೇಮ್ ಟು ಸೇಮ್’ ಎಂದ. ಅಗಲ ಸರಿ ಇತ್ತು, ಕಮಾನುಪಟ್ಟಿ ಕೂರುವ ಜಾಗವೂ ಸರಿ ಇತ್ತು. ಒಂದು ಕಡೆ ಹಗ್ಗ ಬಿಗಿದು ಇನ್ನೊಂದು ಕಡೆ ಇಪ್ಪತ್ತು ಸುತ್ತು ತಿರುಗಿಸಿದೆವು. 39. ಮತ್ತೆ ತಿರುಗಿಸಿದೆವು, 39ವೇ. ಎರಡು ಸುತ್ತಿನ ವ್ಯತ್ಯಾಸಕ್ಕೆ ಇಷ್ಟು ದೂರ ಬಂದವನು ಬರಿಗೈಯಲ್ಲಿ ಹೋಗುತ್ತೀಯಾ ಎಂದು ಆತ ಬೆಲೆ ಇಳಿಸಿದ. ಆಸೆಯಾಯಿತು. ಆದರೆ ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ನೂರು ಮೀಟರ್ ಹೋಗಬೇಕೆಂದರೆ ಹಿಂದಿನದು ನೂರೈದು ಹೋಗಬೇಕೆನ್ನುತ್ತದೆ. ಕೆಸರಿನಲ್ಲಿ ಜಾರಿ ಹೇಗೋ ಹೊಂದಿಕೊಂಡೀತು. ಗಟ್ಟಿ ನೆಲ ಸಿಕ್ಕ ಕೂಡಲೇ ಆ ಎಳೆದಾಟವೆಲ್ಲ ನಡುವಿನ ಗೇರ್‌ಗಳ ಮೇಲೆ ಬರುತ್ತದೆ. ಹಾಕಲೇಬೇಕಿದ್ದರೆ ಮುಂದಿನ ಅಥವಾ ಹಿಂದಿನ ಕ್ರೌನ್-ಪಿನಿಯನ್ ಬದಲಿಸಬೇಕು. ಆ ಖರ್ಚು ಅಚ್ಚಿನ ಬೆಲೆಗಿಂತ ಹೆಚ್ಚು. ದ್ರಾಕ್ಷಿ ಒಂದು ಬಾಕ್ಸ್ ಕೊಂಡು ವಾಪಸು ಬಂದೆ.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ. ತಯಾರಕರು ನಿಗದಿಪಡಿಸಿದ, ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಬಂತು. ಲಾರಿಯ ಅಚ್ಚು ಹಾಕಿಸಿದೆವೆಂದು ಆರ್‌ಸಿಯಲ್ಲಿನ ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಆದರೆ ಮನಸ್ಸಿನಲ್ಲಿರುವ ಮಿತಿ ಏರಿಬಿಡುತ್ತದೆ. ನನ್ನ ತಕರಾರು ಇಲ್ಲೇ. ನನಗೆ ಫುಲ್ ಫ್ಲೋಟಿಂಗ್ ಅಚ್ಚು ಸಿಕ್ಕಿದ್ದರೆ ಹನ್ನೆರಡು ಚೀಲದ ಜಾಗದಲ್ಲಿ ಇಪ್ಪತ್ತು ಹೇರಿಸಿಕೊಳ್ಳುತ್ತಿದ್ದೆ, ಮೇಲೆ ಒಂಬತ್ತರ ಬದಲು ಹದಿನೈದು ಜನ ಕೂರುತ್ತಿದ್ದರು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಳೆಯಲ್ಲಿ ಮೂರು ಕಿಲೋಮೀಟರ್ ನಡೆಯುವವರನ್ನು ಬಿಟ್ಟು ಬರಲು ಮನಸ್ಸಾಗದು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೆ. ಆ ಮಾತಿನಲ್ಲಿ ಸುಳ್ಳಿಲ್ಲ, ಅದಕ್ಕೇ ಅದು ಅಪಾಯದ್ದು.

ಪಾಣಂದ ರಸ್ತೆಗಳಿಗೆಂದೇ ಮಹಾರಾಷ್ಟ್ರದಲ್ಲಿ ಮಾತೋಶ್ರೀ ಹೆಸರಿನ ಯೋಜನೆ ಬಂದಿತ್ತು, ನಮ್ಮಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಬಂದಿತ್ತು. ಈ ದಾರಿಗೆ ಮುರುಮು ಬಿದ್ದರೆ ನನ್ನ ಲೇಖನದ ಅರ್ಧ ವಿಷಯ ಇಲ್ಲವಾಗುತ್ತದೆ. ಎರಡು ಬದುಗಳವರೂ ತಲಾ ಮೂರು ಅಡಿ ಬಿಡಬೇಕು. ಮಾತುಕತೆ ಇನ್ನೂ ನಡೆದಿದೆ.

ಕೊನೆಗೆ ಹಾಕಿಸಿದ್ದು ಇಷ್ಟು: ಕಂಪನಿಯದೇ ಹೊಸ ಶಾಫ್ಟು ಎರಡೂ ಕಡೆಗೆ, ಏಕೆಂದರೆ ಒಂದು ಕಡೆ ಬಿರುಕು ಬಿಟ್ಟ ಮೇಲೆ ಜೊತೆಯದೂ ಅಷ್ಟೇ ದಣಿದಿರುತ್ತದೆ. ಬೇರಿಂಗ್, ಸೀಲು ಹೊಸದು. ಅಗಲ ಟೈರು, ಗತ್ತಿನ ರಿಮ್ಮು ತೆಗೆದು ಕಂಪನಿಯ ಅಳತೆಯವು. ಬಲಗಡೆಯ ಹಳೆ ಶಾಫ್ಟನ್ನು ತೆಗೆದು ಒರೆಸಿದಾಗ ಬೇರಿಂಗ್ ಕೂರುವ ಕಡೆ ಕೂದಲೆಳೆಯಂಥ ಗೀರು ಕಾಣಿಸಿತು. ಉಸ್ತಾದ್ ಉಗುರಿನಿಂದ ಗೀರಿ ನೋಡಿ ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಈ ಹಂಗಾಮಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಜೀಪು ಗೊತ್ತುಮಾಡಿದ್ದೇವೆ, ಬಾಡಿಗೆ ರೈತ ಅರ್ಧ, ನಾನು ಅರ್ಧ. ಜೀಪು ಡಾಂಬರು ರಸ್ತೆಯಲ್ಲಿ ನಿಲ್ಲುತ್ತದೆ, ಅಲ್ಲಿಯವರೆಗೆ ಅವರು ಕೆಸರಿನಲ್ಲಿ ನಡೆಯಬೇಕು. ಅಂದು ನಕ್ಕಾಕೆ ಮೊನ್ನೆ ನನ್ನ ಖಾಲಿ ಪಿಕಪ್ ತೋರಿಸಿ, ‘ಹೊಸ ಅಚ್ಚು ಹಾಕಿಸಿದ ಮೇಲೂ ಕೂರಿಸುವುದಿಲ್ಲವಾ ಸಾಹೇಬ’ ಎಂದು ಕೇಳಿದಳು.