ದೋಣಿಯ ವೈರ್‌ಲೆಸ್: ಬೆಲೆಯೊಂದೇ ಮಾನದಂಡವಲ್ಲ

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಕಾರವಾರ ಮೊದಲಾದ ಬಂದರುಗಳಲ್ಲಿ ಬೋಟುಗಳ ದುರಸ್ತಿಗೆ ಇದೇ ಸಕಾಲ. ಎಂಜಿನ್, ಬಲೆ ಹಾಗೂ ಬಣ್ಣದ ವೆಚ್ಚ ಕಳೆದು ಉಳಿದ ಹಣದಲ್ಲಿ ಕೆಟ್ಟುಹೋದ ವೈರ್‌ಲೆಸ್ ಸೆಟ್ಟನ್ನು ಬದಲಿಸುವ ವಿಚಾರ ಕೊನೆಗೆ ಬರುತ್ತದೆ. ಎಲ್ಲಕ್ಕಿಂತ ಅಗ್ಗದ ಸೆಟ್ ಯಾವುದೆಂಬ ಪ್ರಶ್ನೆಯಿಂದಲೇ ಖರೀದಿ ಆರಂಭವಾಗುತ್ತದೆ. ವ್ಯವಹಾರದ ದೃಷ್ಟಿಯಿಂದಲೂ ಜೀವರಕ್ಷಣೆಯ ದೃಷ್ಟಿಯಿಂದಲೂ ಈ ಕ್ರಮ ಸರಿಯಲ್ಲ.

ಹೊಸ ಸೆಟ್ ಕೊಳ್ಳುವ ಮುನ್ನ ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ಪರಿಶೀಲಿಸಬೇಕು. ಉಪ್ಪುಗಾಳಿಯು ಮೊದಲು ಹಾಳುಮಾಡುವುದು ಆ್ಯಂಟೆನಾದ ಕೇಬಲನ್ನೂ ಅದರ ಜೋಡಣೆಗಳನ್ನೂ. ಕೇಬಲಿನಲ್ಲಿ 3 ಡೆಸಿಬಲ್ ನಷ್ಟವಾದರೆ ಸೆಟ್ ಹೊರಡಿಸುವ ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ಆ್ಯಂಟೆನಾ ತಲುಪುತ್ತದೆ. ಬ್ಯಾಟರಿಯ ಸ್ಥಿತಿಯೂ ಅಷ್ಟೇ ಮುಖ್ಯ. 25 ವ್ಯಾಟ್‌ನ ಸೆಟ್ ಮಾತು ಕಳುಹಿಸುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 5ರಿಂದ 6 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ತುಕ್ಕು ಹಿಡಿದ ಕೇಬಲಿಗೆ ಹೊಸ ಸೆಟ್ ಜೋಡಿಸುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆಯೇ ಸರಿ.

ವಿಎಚ್‌ಎಫ್ ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುವುದರಿಂದ ವ್ಯಾಪ್ತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಆ್ಯಂಟೆನಾದ ಎತ್ತರ. ನೀರಿನಿಂದ 4 ಮೀಟರ್ ಎತ್ತರದ ಆ್ಯಂಟೆನಾಗಳುಳ್ಳ ಎರಡು ಬೋಟುಗಳ ನಡುವೆ ಲೆಕ್ಕದಂತೆ ಸುಮಾರು 16 ಕಿಲೋಮೀಟರ್ ಸಂಪರ್ಕ ಸಾಧ್ಯ. ಎತ್ತರ 9 ಮೀಟರಿಗೇರಿದರೆ ಅದು 24 ಕಿಲೋಮೀಟರ್ ದಾಟುತ್ತದೆ. 5–6 ವ್ಯಾಟ್‌ನ ಕೈಸೆಟ್ ಕ್ಯಾಬಿನ್ ಇಲ್ಲದ ನಾಡದೋಣಿಗೆ ತಕ್ಕುದು. ಅದಕ್ಕೆ ನೀರಿನಿಂದ ರಕ್ಷಣೆ ಇರಬೇಕು. ಐಪಿಎಕ್ಸ್ 7 ಗುರುತಿನ ಸೆಟ್ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಿಕೊಳ್ಳುತ್ತದೆ. ಕ್ಯಾಬಿನ್ ಉಳ್ಳ ಬೋಟಿಗೆ ಸ್ಥಿರ ಸೆಟ್ಟೇ ಲೇಸು.

ಅಪಾಯದ ಕರೆಗೆ 156.8 ಮೆಗಾಹರ್ಟ್ಸ್‌ನ 16ನೆಯ ಚಾನೆಲ್ ಮೀಸಲಾಗಿದೆ. ಡಿಎಸ್‌ಸಿ ಸೌಲಭ್ಯವುಳ್ಳ ಸೆಟ್ಟುಗಳಲ್ಲಿ ಕೆಂಪು ಗುಂಡಿಯೊಂದನ್ನು ಒತ್ತಿದರೆ ಬೋಟಿನ ಗುರುತು ಹಾಗೂ ಜಿಪಿಎಸ್ ಜೋಡಿಸಿದ್ದಲ್ಲಿ ಅದಿರುವ ಸ್ಥಳ 70ನೆಯ ಚಾನೆಲಿನಲ್ಲಿ ತಾನಾಗಿಯೇ ರವಾನೆಯಾಗುತ್ತದೆ. ಆದರೆ 9 ಅಂಕಿಗಳ ಎಂಎಂಎಸ್‌ಐ ಸಂಖ್ಯೆಯನ್ನು ಪಡೆದು ಸೆಟ್ಟಿನಲ್ಲಿ ನಮೂದಿಸದಿದ್ದರೆ ಆ ಗುಂಡಿ ಕೇವಲ ಅಲಂಕಾರ.

ಅಗ್ಗದ ಸಾಧನಗಳ ಆಕರ್ಷಣೆಯಲ್ಲಿ ಕಾನೂನಿನ ತೊಡಕೂ ಇದೆ. ಅನುಮೋದನೆಯಿಲ್ಲದ ವಾಕಿಟಾಕಿ ಮೊದಲಾದ ಉಪಕರಣಗಳ ಆನ್‌ಲೈನ್ ಮಾರಾಟವನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಉಪಕರಣದ ಅನುಮೋದನೆ ಹಾಗೂ ಪರವಾನಗಿಯ ದಾಖಲೆಗಳನ್ನು ಕೇಳಿ ಪಡೆಯುವುದು ಖರೀದಿದಾರನ ಹೊಣೆ. ಅವನ್ನು ಒದಗಿಸುವುದು ಮಾರಾಟಗಾರನ ಧರ್ಮ.

ಲೆಕ್ಕಪತ್ರದ ಅಂಶವೊಂದನ್ನು ಇಲ್ಲಿ ಗಮನಿಸಬೇಕು. ತಾಜಾ ಮೀನು ಜಿಎಸ್‌ಟಿ ವಿನಾಯಿತಿ ಪಡೆದ ಸರಕಾದುದರಿಂದ ಅದರ ಮಾರಾಟವನ್ನೇ ನಂಬಿದ ಮಾಲೀಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆದ್ದರಿಂದ ತೆರಿಗೆ, ಆ್ಯಂಟೆನಾ, ಕೇಬಲ್, ಜೋಡಣೆಯ ಕೂಲಿ ಇವೆಲ್ಲವನ್ನೂ ಸೇರಿಸಿದ ಮೊತ್ತವೇ ನಿಜವಾದ ಬೆಲೆ. ಅದನ್ನು ಸೆಟ್ ಬಾಳುವ ವರ್ಷಗಳಿಗೆ ಹಂಚಿ ನೋಡಿದಾಗ ಮಾತ್ರ ಯಾವುದು ಅಗ್ಗವೆಂಬುದು ತಿಳಿಯುತ್ತದೆ. ಸಂಪರ್ಕ ತಪ್ಪಿ ಅರ್ಧದಲ್ಲೇ ಹಿಂದಿರುಗಿದ ಒಂದು ಯಾನದ ಡೀಸೆಲ್, ಮಂಜುಗಡ್ಡೆ ಮತ್ತು ಪಡಿತರದ ನಷ್ಟವನ್ನೂ ಆ ತಕ್ಕಡಿಯಲ್ಲಿ ಇಡಬೇಕು.

ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟುಗಳಿಗೆ ವಿಎಚ್‌ಎಫ್ ಒಂದೇ ಸಾಲದು ಎಂಬ ವಾದದಲ್ಲಿ ಹುರುಳಿದೆ. 2017ರ ಓಖಿ ಚಂಡಮಾರುತದ ವೇಳೆ ಕೇರಳ ಮತ್ತು ತಮಿಳುನಾಡಿನ ಅನೇಕ ಬೋಟುಗಳಿಗೆ ಮುನ್ನೆಚ್ಚರಿಕೆ ತಲುಪಲಿಲ್ಲ. 1 ಲಕ್ಷ ಬೋಟುಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ದೊರೆತಿದೆ. ಆದರೆ ಅದು ಸಂದೇಶ ರವಾನಿಸುವ ಸಾಧನ. ಹತ್ತಿರದ ಬೋಟಿನ ತಾಂಡೇಲನನ್ನು ಆ ಕ್ಷಣದಲ್ಲೇ ಕೂಗಿ ಕರೆಯಲು ವೈರ್‌ಲೆಸ್ಸೇ ಬೇಕು. ಇವೆರಡೂ ಪರಸ್ಪರ ಪೂರಕಗಳು.

ಉಪಕರಣ ವ್ಯಾಪಾರಿಗಳು ಪೆಟ್ಟಿಗೆಯನ್ನಷ್ಟೇ ಮಾರದೆ, ಬೋಟಿನಲ್ಲಿ ಜೋಡಿಸಿ, ಮತ್ತೊಂದು ಬೋಟಿನೊಡನೆ ಮಾತನಾಡಿಸಿ ತೋರಿಸಿದ ಮೇಲೆಯೇ ಪೂರ್ಣ ಹಣ ಪಡೆಯುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು. ವಾಣಿಜ್ಯ ಸಂಸ್ಥೆಗಳು ಮೀನುಗಾರರ ಸಂಘಗಳ ಸಹಯೋಗದಲ್ಲಿ ಪ್ರತಿ ಜುಲೈನಲ್ಲಿ ಬಂದರುಗಳಲ್ಲಿ ವೈರ್‌ಲೆಸ್ ತಪಾಸಣಾ ಶಿಬಿರಗಳನ್ನು ಏರ್ಪಡಿಸುವುದು ಅಪೇಕ್ಷಣೀಯ. ಇದರಿಂದ ಪ್ರಾಮಾಣಿಕ ವ್ಯಾಪಾರಿಗೆ ಗ್ರಾಹಕರ ವಿಶ್ವಾಸ ದೊರೆಯುತ್ತದೆ. ಕಡಲಿಗಿಳಿದವರ ಮನೆಮಂದಿಗೆ ನೆಮ್ಮದಿ ದೊರೆಯುತ್ತದೆ.