ಬಂಡಿಯ ಹಾಡು, ಬ್ಯಾಟರಿಯ ಪಾಡು

ಗೋಕಾಕದ ಹೆಸರು ಹೇಳಿದೊಡನೆ ಕರದಂಟಿನ ರುಚಿಯೂ ಘಟಪ್ರಭೆಯ ಭೋರ್ಗರೆತವೂ ನೆನಪಾಗುವುದು ಸಹಜ. ವಿದ್ಯುತ್ತಿನ ಚರಿತ್ರೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ನೆನಪಾದೀತು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೆಲಸಕ್ಕೆ ತೊಡಗುವ ಮೊದಲೇ, 1887ರಲ್ಲಿ, ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ವಿದ್ಯುತ್ತನ್ನು ಪಡೆಯಲಾಗಿತ್ತು. ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತಾಲ್ಲೂಕಿನ ಹಳ್ಳಿಗಳಿಗೆ ಬೆಳಕನ್ನು ಮುಟ್ಟಿಸಿತು. ಇಷ್ಟು ಹಿಂದಿನಿಂದ ವಿದ್ಯುತ್ತಿನ ಪರಿಚಯವುಳ್ಳ ಸೀಮೆಯಲ್ಲಿಯೂ ಕಬ್ಬಿನ ಹಂಗಾಮು ಬಂದಿತೆಂದರೆ ಹನ್ನೆರಡು ವೋಲ್ಟಿನ ಒಂದು ಸಣ್ಣ ತೊಡಕು ಅನೇಕ ಚಾಲಕರನ್ನು ಕಾಡುತ್ತದೆ. ಅದೇ ಗಾಡಿಗೆ ಕೂಡಿಸಿದ ಟೇಪಿನ ತೊಡಕು.

ಮೂಡಲಗಿಯ ಹೊಲಗಳಿಂದಾಗಲಿ, ಹುಕ್ಕೇರಿಯ ಕಡೆಯಿಂದ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗಾಗಲಿ ಕಬ್ಬು ಹೊತ್ತು ಸಾಗುವ ಟ್ರ್ಯಾಕ್ಟರಿನಲ್ಲಿ ಹಾಡಿಲ್ಲದಿದ್ದರೆ ಚಾಲಕನಿಗೆ ರಾತ್ರಿ ಕಳೆಯದು. ನಿದ್ರೆಯನ್ನು ದೂರವಿಡುವ ಗೆಳೆಯ ಅದೇ. ಆದರೆ ಈ ಗೆಳೆಯನಿಗೆ ಹಲವು ಹಟಗಳು. ಧ್ವನಿಯನ್ನು ಏರಿಸಿದೊಡನೆ ಒಮ್ಮೆಲೇ ಬಾಯಿ ಕಟ್ಟುವುದು. ಚಾವಿ ತೆಗೆದರೆ ಗಡಿಯಾರವನ್ನೂ ಬಾನುಲಿ ಕೇಂದ್ರಗಳನ್ನೂ ಮರೆಯುವುದು. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಸಿಳ್ಳು ಹಾಕುವುದು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿಯನ್ನು ಬರಿದು ಮಾಡಿಡುವುದು. ಇಂತಹ ಸಮಯದಲ್ಲಿ ಬಹುಮಂದಿ ಮೊದಲು ದೂರುವುದು ಟೇಪನ್ನು, ಅನಂತರ ಬ್ಯಾಟರಿಯನ್ನು. ಎರಡನ್ನೂ ಬದಲಿಸಿದ ಮೇಲೂ ರೋಗ ಹಾಗೆಯೇ ಉಳಿಯುವುದುಂಟು. ಏಕೆಂದರೆ ದೋಷವು ಹೆಚ್ಚಾಗಿ ಅವೆರಡರಲ್ಲಿಯೂ ಇರುವುದಿಲ್ಲ. ಅವೆರಡರ ನಡುವಣ ದಾರಿಯಲ್ಲಿರುತ್ತದೆ.

ಮನೆಯ ವಿದ್ಯುತ್ತಿಗೂ ಗಾಡಿಯ ವಿದ್ಯುತ್ತಿಗೂ ಇರುವ ಅಂತರವನ್ನು ಅರಿತರೆ ಇದರ ಮರ್ಮ ತಿಳಿಯುತ್ತದೆ. ನೂರು ವಾಟಿನ ಕೆಲಸಕ್ಕೆ ಮನೆಯ 230 ವೋಲ್ಟಿನಲ್ಲಿ ಅರ್ಧ ಆಂಪಿಯರಿಗಿಂತ ಕಡಿಮೆ ಪ್ರವಾಹ ಸಾಕು. ಗಾಡಿಯ 12 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ ಎಂಟು ಆಂಪಿಯರು ದಾಟಬೇಕು. ಪ್ರವಾಹವನ್ನು ಪ್ರತಿರೋಧದಿಂದ ಗುಣಿಸಿದರೆ ದಾರಿಯಲ್ಲಿ ಸೋರಿಹೋಗುವ ವೋಲ್ಟುಗಳ ಲೆಕ್ಕ ಸಿಗುತ್ತದೆಂದು ಜರ್ಮನಿಯ ಓಮ್ ಪಂಡಿತನು 1827ರಲ್ಲಿಯೇ ತೋರಿಸಿಕೊಟ್ಟನು. ತುಕ್ಕು ಹಿಡಿದ ಒಂದು ಜೋಡಣೆಯ ಪ್ರತಿರೋಧ 0.3 ಓಮ್ ಎಂದಿಟ್ಟುಕೊಳ್ಳಿ. ಹತ್ತು ಆಂಪಿಯರು ಹರಿದಾಗ ಅಲ್ಲಿ ಮೂರು ವೋಲ್ಟು ನಷ್ಟ. ಮನೆಯ 230ರಲ್ಲಿ ಮೂರು ಹೋದರೆ ಯಾರಿಗೂ ಅರಿವಾಗದು. ಹನ್ನೆರಡರಲ್ಲಿ ಮೂರು ಹೋದರೆ ಉಳಿಯುವುದು ಒಂಬತ್ತು. ಟೇಪಿನ ಪ್ರಾಣ ಅಲ್ಲಿಗೆ ನಿಂತಿತು. ಮೆಲ್ಲಗೆ ಹಾಡುವಾಗ ಪ್ರವಾಹ ಅಲ್ಪ, ನಷ್ಟವೂ ಅಲ್ಪ. ಆದಕಾರಣವೇ ಅದು ಮೆಲುದನಿಯಲ್ಲಿ ಹಾಡುತ್ತದೆ, ದನಿಯೆತ್ತಿದರೆ ಸಾಯುತ್ತದೆ.

ಇಲ್ಲಿ ಮರೆಯುವ ಇನ್ನೊಂದು ಮಾತಿದೆ. ವಿದ್ಯುತ್ತಿಗೆ ಹೋಗುವ ದಾರಿ ಇರುವಂತೆ ಮರಳುವ ದಾರಿಯೂ ಬೇಕು. ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಋಣಾಗ್ರವನ್ನು ಕಬ್ಬಿಣದ ಮೈಗೆ ಜೋಡಿಸಿ, ಆ ಮೈಯನ್ನೇ ಮರಳುದಾರಿಯನ್ನಾಗಿ ಮಾಡಿರುತ್ತಾರೆ. ಟೇಪಿನ ಕಪ್ಪು ತಂತಿಯನ್ನು ಕೈಗೆ ಸಿಕ್ಕ ತಿರುಪಿಗೆ ಸುತ್ತಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವುದು ಸಲ್ಲ. ಆ ತಿರುಪಿನ ಅಡಿಯಲ್ಲಿ ಬಣ್ಣವಿದ್ದರೆ, ಕೆಸರಿದ್ದರೆ, ತುಕ್ಕಿದ್ದರೆ ಮರಳುವ ದಾರಿಗೆ ಬೇಲಿ ಬಿದ್ದಂತೆಯೇ ಸರಿ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ತಂತಿಯ ತುದಿಗೆ ಉಂಗುರ ಹಾಕಿ, ಬಿಗಿಯಾಗಿ ತಿರುಪಬೇಕು.

ದೋಷವನ್ನು ಹುಡುಕುವ ಕ್ರಮವೂ ಕಷ್ಟದ್ದಲ್ಲ. ಒಂದು ಸಾಧಾರಣ ಮಲ್ಟಿಮೀಟರು ಸಾಕು. ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಬೇಕು. ಎಂಜಿನ್ ಓಡುವಾಗ ಸುಮಾರು 14. ಓಡುವಾಗಲೂ ಏರದಿದ್ದರೆ ದೋಷ ಟೇಪಿನದಲ್ಲ, ಬ್ಯಾಟರಿಯನ್ನು ತುಂಬಿಸುವ ಯಂತ್ರದ್ದು. ಇವೆರಡೂ ಸರಿಯಿದ್ದರೆ ಟೇಪನ್ನು ಜೋರಾಗಿ ಹಾಡಲು ಬಿಟ್ಟು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಟೇಪಿನ ಕಪ್ಪು ತಂತಿಗೂ ಮುಟ್ಟಿಸಬೇಕು. ವೋಲ್ಟಿನ ಒಂದೆರಡು ದಶಾಂಶ ಕಂಡರೆ ಚಿಂತೆಯಿಲ್ಲ. ಒಂದು ವೋಲ್ಟು ಕಂಡರೆ ಕಳ್ಳನು ಮರಳುದಾರಿಯಲ್ಲಿಯೇ ಅಡಗಿದ್ದಾನೆ. ಧನಾಗ್ರಕ್ಕೂ ಟೇಪಿಗೆ ಬರುವ ತಂತಿಗೂ ನಡುವೆ ಇದೇ ಪರೀಕ್ಷೆ ಮಾಡಿದರೆ ಹೋಗುವ ದಾರಿಯ ದೋಷ ತಿಳಿಯುತ್ತದೆ. ಟೇಪು ಸುಮ್ಮನಿರುವಾಗ ಅಳೆದರೆ ಪ್ರಯೋಜನವಿಲ್ಲ. ಭಾರ ಹೊರಿಸದೆ ಎತ್ತಿನ ಬಲವನ್ನು ಅಳೆಯಲು ಬರುವುದೇ?

ಬಣ್ಣಗಳ ಭಾಷೆಯನ್ನೂ ಅರಿತಿರಬೇಕು. ಬಹುಪಾಲು ಟೇಪುಗಳಲ್ಲಿ ಹಳದಿ ತಂತಿಯು ಸದಾ ವಿದ್ಯುತ್ತನ್ನು ಬಯಸುತ್ತದೆ. ನೆನಪನ್ನು ಕಾಯುವುದು ಅದರ ಕೆಲಸ. ಕೆಂಪು ತಂತಿಗೆ ಚಾವಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರಬೇಕು. ಇವೆರಡೂ ಅದಲುಬದಲಾದರೆ ಚಾವಿ ತೆಗೆದೊಡನೆ ಟೇಪಿಗೆ ಮರೆವು ಹಿಡಿಯುತ್ತದೆ. ಎರಡನ್ನೂ ನೇರವಾಗಿ ಬ್ಯಾಟರಿಗೆ ಕೂಡಿಸಿದರೆ ಅದಕ್ಕೆ ನಿದ್ರೆಯೇ ಇಲ್ಲದಂತಾಗುತ್ತದೆ. ಅರ್ಧ ಆಂಪಿಯರಿನಷ್ಟು ಸೋರಿಕೆಯಾದರೂ ದಿನವೊಂದಕ್ಕೆ 12 ಆಂಪಿಯರ್-ಗಂಟೆಯಂತೆ ವಾರದಲ್ಲಿ 84 ಆಯಿತು. ಒಳ್ಳೆಯ ಬ್ಯಾಟರಿಯೂ ಬರಿದಾಗಲು ಇಷ್ಟು ಸಾಕು. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಎಂಜಿನ್ ನಿಲ್ಲಿಸಿ ಹತ್ತು ಗಂಟೆ ಹಾಡು ಕೇಳುವವರೂ ಈ ಲೆಕ್ಕವನ್ನು ಮಾಡಿಕೊಳ್ಳುವುದು ಲೇಸು. ಐದು ಆಂಪಿಯರಿನಂತೆ ಐವತ್ತು ಖರ್ಚಾದ ಮೇಲೆ, ಸಾಲು ಮುಂದೆ ಸರಿಯುವ ಹೊತ್ತಿಗೆ ಎಂಜಿನ್ ಮೇಲೇಳದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇವೆಲ್ಲ ಹಣದ, ಹೊತ್ತಿನ ನಷ್ಟ. ಪ್ರಾಣಕ್ಕೆ ಎರವಾಗುವ ತಪ್ಪುಗಳು ಎರಡಿವೆ. ಫ್ಯೂಜು ಪದೇ ಪದೇ ಹೋಗುತ್ತದೆಂದು ಬೇಸರಪಟ್ಟು ಅದರ ಸ್ಥಾನದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟಿನ ಬೇಗಡೆಯನ್ನೋ ತುರುಕುವುದು ಮೊದಲನೆಯದು. ಫ್ಯೂಜು ಮುಖ್ಯವಾಗಿ ಕಾಯುವುದು ಟೇಪನ್ನಲ್ಲ, ತಂತಿಯನ್ನು. ಬ್ಯಾಟರಿಯಿಂದ ಹೊರಟ ತಂತಿಯು ದಾರಿಯಲ್ಲೆಲ್ಲೋ ಸವೆದು ಕಬ್ಬಿಣದ ಮೈಗೆ ತಗುಲಿದರೆ ನೂರಾರು ಆಂಪಿಯರು ಒಮ್ಮೆಗೇ ನುಗ್ಗಿ ಅದು ಕೆಂಡವಾಗುತ್ತದೆ. ಹಿಂದೆ ಒಣಗಿದ ಕಬ್ಬಿನ ರವದಿ ಇರುವಾಗ ಆ ಕೆಂಡದ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ತಂತಿಯ ಗಾತ್ರಕ್ಕೆ ತಕ್ಕ ಫ್ಯೂಜನ್ನು ಬ್ಯಾಟರಿಯ ಸಮೀಪದಲ್ಲಿಯೇ ಇಡಬೇಕು, ದೂರದ ಟೇಪಿನ ಬಳಿಯಲ್ಲಲ್ಲ.

ಎರಡನೆಯದು ಇನ್ನೂ ಸಾಮಾನ್ಯ. ತಂತಿ ಎಳೆಯುವ ಶ್ರಮ ತಪ್ಪಲೆಂದು ಹಿಂದೀಪದ ತಂತಿಯನ್ನು ಸುಲಿದು ಅದರಿಂದಲೇ ಟೇಪಿಗೆ ವಿದ್ಯುತ್ತು ಕೊಡುವ ರೂಢಿ ಕೆಲವರಿಗಿದೆ. ಒಂದು ರಾತ್ರಿ ಟೇಪಿನ ದೋಷದಿಂದ ಫ್ಯೂಜು ಹೋಯಿತೆನ್ನಿ. ಹಾಡು ನಿಂತಿತೆಂದು ಚಾಲಕನಿಗೆ ತಿಳಿಯುತ್ತದೆ. ಎರಡು ಟ್ರೇಲರುಗಳ ಹಿಂದೆ ಕೆಂಪು ದೀಪ ಆರಿತೆಂಬುದು ತಿಳಿಯುವುದಿಲ್ಲ. ಅದು ತಿಳಿಯುವುದು ಹಿಂದಿನಿಂದ ಬರುವ ಮೋಟರ್ ಸೈಕಲ್ ಸವಾರನಿಗೆ. ಅದೂ ಬಹಳ ತಡವಾಗಿ. ದೀಪದ ದಾರಿ ದೀಪಕ್ಕೇ ಮೀಸಲಾಗಿರಲಿ; ಹಾಡಿಗೆ ಬೇರೆ ತಂತಿ, ಬೇರೆ ಫ್ಯೂಜು.

ಸಿಳ್ಳಿನ ಮಾತು ಉಳಿಯಿತು. ಎಂಜಿನ್ನಿನ ವೇಗದೊಂದಿಗೆ ಏರಿ ಇಳಿಯುವ ಸಿಳ್ಳು ಸಾಮಾನ್ಯವಾಗಿ ಬ್ಯಾಟರಿ ತುಂಬಿಸುವ ಯಂತ್ರದಿಂದ ಹೊರಟು, ಕೆಟ್ಟ ಮರಳುದಾರಿಯ ಮೂಲಕ ಧ್ವನಿಯೊಳಗೆ ನುಸುಳಿದುದು. ಕಪ್ಪು ತಂತಿಯನ್ನು ಸರಿಪಡಿಸಿದರೆ ಎಷ್ಟೋ ವೇಳೆ ಇದೂ ಅಡಗುತ್ತದೆ. ಒಂದೇ ಮದ್ದಿಗೆ ಎರಡು ರೋಗ ವಾಸಿಯಾದಂತೆ.

ಹೊಸ ಟೇಪಿಗೆ ಹಣ ತೆರುವ ಮೊದಲು ಇರುವ ತಂತಿಯನ್ನು ತುದಿಯಿಂದ ತುದಿಯವರೆಗೆ ಒಮ್ಮೆ ಕೈಯಾಡಿಸಿ ನೋಡಬೇಕು. ಹಂಗಾಮಿನ ಮುನ್ನ ಅರ್ಧ ಗಂಟೆ, ಒಂದು ತುಂಡು ಉಜ್ಜುಕಾಗದ, ಸರಿಯಾದ ಒಂದು ಫ್ಯೂಜು: ಇಷ್ಟರಿಂದ ಮುಂದೆ ಹಾಡು, ಹಿಂದೆ ದೀಪ, ಎರಡೂ ಊರು ಮುಟ್ಟುವವರೆಗೆ ಜೊತೆಗಿದ್ದಾವು.